ಆರೋಗ್ಯಮ್ಮನ ಅರ್ಧ ಜಪ

ಹೆತ್ತೂರು ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ, ಆಳುಗಳ ಹಳೇ ಲೈನಿನಲ್ಲಿ ಸಾಲಾಗಿ ಹನ್ನೆರಡು ಮನೆಗಳಿವೆ. ಈಗ ಒಲೆ ಉರಿಯುವುದು ಎರಡರಲ್ಲಿ ಮಾತ್ರ. ಅಸ್ಸಾಮಿನಿಂದ ಬಂದ ಆಳುಗಳಿಗೆಂದು ಮೇಲಿನ ಗುಡ್ಡದಲ್ಲಿ ಹೊಸ ಲೈನ್ ಕಟ್ಟಿದ ಮೇಲೆ ಇಲ್ಲಿ ಉಳಿದವರು ಕೊನೆಯ ಮನೆಯ ಆರೋಗ್ಯಮ್ಮ ಮತ್ತು ಪಕ್ಕದ ಮನೆಯ ನಂಜಮ್ಮ. ಇಬ್ಬರಿಗೂ ಅರವತ್ತು ದಾಟಿದೆ, ಇಬ್ಬರಿಗೂ ಗಂಡ ಇಲ್ಲ, ನಡುವೆ ಇರುವುದು ಒಂದೇ ಗೋಡೆ. ಆ ಗೋಡೆಯೂ ಮೇಲಿನ ಶೀಟನ್ನು ಮುಟ್ಟುವುದಿಲ್ಲ. ಕಟ್ಟಿಸಿದ ಪುಣ್ಯಾತ್ಮರು ಇಟ್ಟಿಗೆ ಉಳಿಸಲು ಹೋಗಿ ಒಂದೂವರೆ ಅಡಿ ಖಾಲಿ ಬಿಟ್ಟಿದ್ದಾರೆ. ಇಲ್ಲಿ ಒಗ್ಗರಣೆ ಹಾಕಿದರೆ ಅಲ್ಲಿ ಸೀನು ಬರುತ್ತದೆ. ಅಷ್ಟು ಹತ್ತಿರದಲ್ಲಿದ್ದೂ ಇವರಿಬ್ಬರು ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು.

ಮಾತು ಬಿಡಲು ಕಾರಣ ಜಪಸರ. ಆರೋಗ್ಯಮ್ಮನ ಗಂಡ ಇನ್ನಾಸಪ್ಪ ಪಲ್ಪರ್ ಮನೆಯಲ್ಲಿ ಕೆಲಸಕ್ಕಿದ್ದವನು. ದಿನವಿಡೀ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರದ ಸದ್ದಿನಲ್ಲಿ ನಿಂತು ಅವನ ದನಿಯೇ ಯಂತ್ರದಷ್ಟು ದೊಡ್ಡದಾಗಿತ್ತು. ಸಂಜೆ ಏಳಕ್ಕೆ ಕೈಕಾಲು ತೊಳೆದು, ಮಾತೆ ಮರಿಯಮ್ಮನ ಪಟದ ಮುಂದೆ ಗಂಡ ಹೆಂಡತಿ ಮೊಣಕಾಲೂರಿದರೆ ಜಪಸರ ಶುರು, ಸರದ ಒಂದೊಂದು ಮಣಿಗೂ ಒಂದೊಂದು ಪ್ರಾರ್ಥನೆ. ಜಪಸರ ಹೇಳುವವರಿಗೆ ಗೊತ್ತು, ಅದರ ಪ್ರತಿ ಪ್ರಾರ್ಥನೆಗೂ ಎರಡು ಪಾಲು. ಒಬ್ಬರು ಮೊದಲರ್ಧ ಹೇಳಿ ನಿಲ್ಲಿಸುತ್ತಾರೆ, ಉಳಿದವರು ಅಲ್ಲಿಂದ ಹಿಡಿದು ಮುಗಿಸುತ್ತಾರೆ. ಮೊದಲರ್ಧ ಇನ್ನಾಸಪ್ಪನದು. ‘ನಮೋ ಮರಿಯಾ’ ಎಂದು ‘ಯಾ’ವನ್ನು ಉದ್ದಕ್ಕೆ ಎಳೆದು, ಒಂದು ಉಸಿರು ತೆಗೆದುಕೊಂಡು ಮುಂದಕ್ಕೆ ಹೋಗುತ್ತಿದ್ದ. ಕೊನೆಯರ್ಧ ಆರೋಗ್ಯಮ್ಮನದು. ಮಕ್ಕಳಿಲ್ಲದ ಆ ಮನೆಯಲ್ಲಿ ಮೂವತ್ತೊಂದು ವರ್ಷ ಈ ಕರೆಯೂ ಈ ಉತ್ತರವೂ ನಡೆದವು.

ನಾಲ್ಕು ವರ್ಷದ ಹಿಂದೆ ನಂಜಮ್ಮ ಹೊಸ ಟಿವಿ ತಂದಳು. ಏಳು ಗಂಟೆಗೆ ಅವಳ ಸೀರಿಯಲ್. ಜಪದ ಸದ್ದಿಗೆ ಅದು ಕೇಳಿಸದೆ ಒಂದು ವಾರ ತಡೆದುಕೊಂಡವಳು ಎಂಟನೇ ದಿನ ರೈಟರ್ ಶ್ರೀನಾಥನಿಗೆ ದೂರು ಕೊಟ್ಟಳು. ಎಸ್ಟೇಟಿನ ಕೆಲಸವೆಲ್ಲ ನೋಡಿಕೊಳ್ಳುವ ಆ ಮನುಷ್ಯ ಬಂದು, ತಲೆ ಕೆರೆದುಕೊಂಡು, “ಇನ್ನಾಸಪ್ಪಣ್ಣ, ಸ್ವಲ್ಪ ಮೆತ್ತಗೆ ಮಾಡ್ಕಳಿ ಮಾರಾಯ್ರೆ” ಅಂದ. ಇನ್ನಾಸಪ್ಪ ಎಂಥ ಸಾಧು ಎಂದರೆ, ಅವತ್ತೇ ಸಂಜೆ ದನಿ ಇಳಿಸಿಬಿಟ್ಟ. ಆರೋಗ್ಯಮ್ಮನಿಗೆ ಮಾತ್ರ ಮೈಯೆಲ್ಲ ಉರಿಯಿತು. ಗಂಡ ತನ್ನ ದೇವರ ಹೆಸರನ್ನು ತನ್ನ ಮನೆಯಲ್ಲೇ ಕಳ್ಳನ ಹಾಗೆ ಪಿಸುಗುಟ್ಟುವುದನ್ನು ಅವಳು ಮರೆಯಲಿಲ್ಲ, ಕ್ಷಮಿಸಲೂ ಇಲ್ಲ.

ಹೋದ ವರ್ಷ ಆಗಸ್ಟಿನಲ್ಲಿ ಇನ್ನಾಸಪ್ಪ ಎದೆನೋವಿನಿಂದ ತೀರಿಕೊಂಡ. ಸಕಲೇಶಪುರದ ಚರ್ಚಿನ ಹಿಂದೆ ಮಣ್ಣು ಮಾಡಿ ಬಂದ ಸಂಜೆ ಆರೋಗ್ಯಮ್ಮ ಅಭ್ಯಾಸದಂತೆ ಮೊಣಕಾಲೂರಿ, ಮಣಿ ಹಿಡಿದು, ಗಂಡ ಶುರು ಮಾಡಲಿ ಎಂದು ಕಾದಳು. ಎಷ್ಟೋ ಹೊತ್ತಿನ ಮೇಲೆ ಅವಳಿಗೆ ತಾನು ಯಾರನ್ನು ಕಾಯುತ್ತಿದ್ದೇನೆಂದು ಹೊಳೆದು, ಅವತ್ತು ಪಟದ ಮುಂದೆಯೇ ಕುಸಿದು ಅತ್ತಳು.

ಮೊದಲರ್ಧ ಅವಳಿಗೆ ಬರುವುದಿಲ್ಲವೆಂದಲ್ಲ. ಎರಡೂ ಪಾಲನ್ನು ತಾನೇ ಹೇಳಿ ನೋಡಿದಳು. ತನ್ನನ್ನು ತಾನೇ ಕೂಗಿ ತಾನೇ ‘ಓ’ ಅಂದ ಹಾಗಾಗಿ, ಮೂರು ಮಣಿಗೆ ನಾಚಿಕೆ ಬಂತು. ಆಮೇಲೆ ಗಂಡನ ಪಾಲನ್ನು ಖಾಲಿ ಬಿಡತೊಡಗಿದಳು. ಅವನು ಹೇಳಲು ಬೇಕಾಗುತ್ತಿದ್ದಷ್ಟು ಹೊತ್ತು ಸುಮ್ಮನಿರುವುದು, ಆಮೇಲೆ ತನ್ನರ್ಧ ಹೇಳುವುದು, ಮತ್ತೆ ಸುಮ್ಮನಿರುವುದು. ಅರ್ಧ ಪ್ರಾರ್ಥನೆ ಎಲ್ಲಿಯವರೆಗೆ ಹೋಗಿ ಮುಟ್ಟೀತು ಎಂಬ ಚಿಂತೆ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು. ಚರ್ಚಿನ ಸ್ವಾಮಿಗಳನ್ನು ಕೇಳಿದರೆ, “ಎರಡೂ ನೀವೇ ಹೇಳಿ ತಾಯಿ, ದೇವರು ಕೇಳಿಸಿಕೊಳ್ತಾರೆ” ಅಂದರು. ಕೇಳಿಸಿಕೊಳ್ಳುತ್ತಾರೆಂಬ ಬಗ್ಗೆ ಅವಳಿಗೇನೂ ಅನುಮಾನವಿರಲಿಲ್ಲ. ತನ್ನನ್ನು ಕರೆಯುವ ಒಂದು ದನಿ ಆ ಮನೆಯಲ್ಲಿ ಇನ್ನೊಂದೇ ಒಂದು ಸಲ ಕೇಳಬೇಕು, ಅಷ್ಟೇ ಅವಳಿಗೆ ಬೇಕಿದ್ದದ್ದು.

ಸ್ವಾಮಿಗಳಿಗೆ ಹೇಳದೆ ಉಳಿಸಿಕೊಂಡದ್ದೂ ಒಂದಿತ್ತು. ಪ್ರತಿ ಹತ್ತು ಮಣಿಗೊಮ್ಮೆ ಬರುವ ಪರಲೋಕ ಪ್ರಾರ್ಥನೆಯಲ್ಲಿ, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುತ್ತೇವೆ ಎನ್ನುವ ಮಾತು ಅವಳ ಪಾಲಿಗೇ ಬೀಳುತ್ತದೆ. ನಾಲ್ಕು ವರ್ಷದಿಂದ ಅದನ್ನು ಬಾಯೊಳಗೇ ಗೊಣಗಿ ದಾಟಿಸಿಬಿಡುತ್ತಿದ್ದಳು.

ಈ ಅಕ್ಟೋಬರಿನಲ್ಲಿ ಒಂದು ಆಸೆ ಹುಟ್ಟಿತು. ಅದು ಜಪಸರದ ತಿಂಗಳು. ಚರ್ಚಿನವರು ಗುಂಪಾಗಿ ದಿನಕ್ಕೊಂದು ಮನೆಗೆ ಹೋಗಿ ಜಪ ಹೇಳುತ್ತಾರೆ. ಇಷ್ಟು ದೂರದ ಲೈನಿಗೆ ಯಾರೂ ಬಂದವರಲ್ಲ. ಈ ಸಲ ಗುಂಪಿನ ಮುಂದಾಳು ರಶ್ಮಿತಾ ಟೀಚರ್, “ಶುಕ್ರವಾರ ನಿಮ್ಮನೆಗೇ ಬರ್ತೀವಿ, ಹನ್ನೊಂದು ಜನ” ಎಂದಳು. ಆರೋಗ್ಯಮ್ಮ ನೆಲ ಸಾರಿಸಿದಳು, ಹೊಸ ಲೈನಿನಿಂದ ಚಾಪೆ ತಂದಳು, ಪಟಕ್ಕೆ ಸೇವಂತಿಗೆ ಹಾಕಿದಳು, ದೊಡ್ಡ ಪಾತ್ರೆಯಲ್ಲಿ ಕಡ್ಲೆಕಾಳು ಉಸ್ಲಿ ಮಾಡಿಟ್ಟಳು. ಆರೂವರೆಗೆ ಫೋನು ಬಂತು.

“ಆರೋಗ್ಯಮ್ಮ, ಬೇಜಾರ್ ಮಾಡ್ಕಬೇಡಿ. ನಿಮ್ಮ ಎಸ್ಟೇಟ್ ಗೇಟಿನ ಹತ್ರ ಏಳು ಆನೆ ನಿಂತಿದಾವಂತೆ. ಫಾರೆಸ್ಟಿನವರು ನಮ್ಮ ಜೀಪು ವಾಪಸ್ ತಿರುಗಿಸ್ಬುಟ್ರು. ನೀವೂ ಹೊರಗೆ ಬರಬೇಡಿ.”

“ಆನೆಗೆ ಯಾರೇನ್ ಹೇಳಕಾಯ್ತದೆ. ಹುಷಾರಾಗಿ ಹೋಗಿ” ಎಂದಳು ಆರೋಗ್ಯಮ್ಮ. ಫೋನಿಟ್ಟ ಮೇಲೆ ಹಾಸಿದ ಚಾಪೆಗಳನ್ನು ನೋಡಲಾಗದೆ ಗೋಡೆಯ ಕಡೆ ತಿರುಗಿ ಕೂತಳು. ಅಷ್ಟರಲ್ಲಿ ಕೆಳಗೆಲ್ಲೋ ಆನೆ ಮರ ಮುರಿದ ಸದ್ದಾಗಿ ಕರೆಂಟೂ ಹೋಯಿತು. ಪಕ್ಕದ ಮನೆಯ ಟಿವಿ ಬಾಯಿ ಮುಚ್ಚಿತು.

ಏಳಕ್ಕೆ ಮೇಣದಬತ್ತಿ ಹಚ್ಚಿ, ಹನ್ನೊಂದು ಜನರ ಜಾಗದಲ್ಲಿ ಒಬ್ಬಳೇ ಮೊಣಕಾಲೂರಿದಳು. ಮೊದಲ ಮಣಿಗೆ ಸುಮ್ಮನಿದ್ದು ತನ್ನರ್ಧ ಹೇಳಿದಳು. ಎರಡನೆಯದಕ್ಕೆ ಮತ್ತೆ ಸುಮ್ಮನಾದಳು. ಇನ್ನು ಸಾಕು, ಈ ಅರ್ಧವೂ ಬೇಡ ಎಂದು ಸರ ಕೆಳಗಿಡಲು ಹೋದಳು.

ಆಗ ಗೋಡೆಯ ಮೇಲಿನಿಂದ ದನಿ ಬಂತು. “ನಮೋ ಮರಿಯಾ...” ‘ಯಾ’ ಉದ್ದಕ್ಕೆ ಎಳೆದಿತ್ತು. ಒಂದು ಉಸಿರು. ಆಮೇಲೆ ಮುಂದಿನದು, ಒಂದಕ್ಷರ ತಪ್ಪದೆ, ಇನ್ನಾಸಪ್ಪ ನಿಲ್ಲಿಸುತ್ತಿದ್ದ ಜಾಗದಲ್ಲೇ ನಿಂತಿತು.

ಆರೋಗ್ಯಮ್ಮ ಕೆಳಗಿಡಹೋದ ಸರವನ್ನು ಮತ್ತೆ ಎತ್ತಿಕೊಂಡು ಗೋಡೆಯ ಮೇಲಕ್ಕೆ ನೋಡಿದಳು. ಗೋಡೆಯಾಚೆ ನಂಜಮ್ಮ ಸ್ವಲ್ಪ ಕಾದು, “ಹೇಳಕ್ಕ, ನಿಂದು ಬಾಕಿ ಐತೆ” ಅಂದಳು. ಆರೋಗ್ಯಮ್ಮ ಹೇಳಿದಳು. ಅಳುತ್ತಲೇ ಹೇಳಿದಳು. ಹತ್ತು ಮಣಿ ಹಾಗೇ ಮುಗಿದವು.

“ನಿಂಗೆ ಹೆಂಗೆ ಬಂತೇ ಇದು?”

“ಬರದೇ ಏನು, ಅಷ್ಟು ವರ್ಸ ಕಿವಿ ಮೇಲೆ ಬಿದ್ದಿಲ್ವಾ?” ಎಂದಳು ನಂಜಮ್ಮ. “ನಾನು ರೈಟರ್ ಹತ್ರ ಹೇಳಿದ್ ಮೇಲೆ ಅಣ್ಣ ಮೆತ್ತಗೆ ಹೇಳಕ್ ಸುರು ಮಾಡಿದ್ರು ನೋಡು, ಆಮೇಲೆ ಮನೆ ಬಿಕೋ ಅನ್ನಕ್ ಹತ್ತಿತು. ಟಿವಿ ಸೌಂಡು ಕಮ್ಮಿ ಮಾಡಿ ಕೇಳ್ತಿದ್ದೆ. ಜೋರಾಗ್ ಹೇಳಿ ಅಂತ ಬಂದು ಹೇಳಕ್ಕೆ ಮುಖ ಇರ್ಲಿಲ್ಲ.”

ಆರೋಗ್ಯಮ್ಮ ಮೊಣಕಾಲಲ್ಲೇ ಗೋಡೆಯ ಹತ್ತಿರಕ್ಕೆ ಸರಿದಳು.

“ಅವರು ಹೋದ್ಮೇಲೆ ನೀನು ಆ ಜಾಗ ಖಾಲಿ ಬಿಡ್ತಿದ್ದಲ್ಲ, ಅಲ್ಲಿ ದಿನಾ ಮನ್ಸಲ್ಲೇ ನಾ ಹೇಳ್ಕತಿದ್ದೆ ಕಣಕ್ಕ. ಇವತ್ತು ಟಿವಿ ಇರ್ಲಿಲ್ಲ, ಬಾಯಿಗೆ ಬಂದ್ಬುಡ್ತು. ತಪ್ಪಾಗಿದ್ರೆ ನಿಮ್ಮ ಮರಿಯಮ್ಮನಿಗೆ ಹೇಳು, ಮನ್ಸಿಗೆ ಹಾಕ್ಕಬೇಡ ಅಂತ.”

ಹದಿನಾಲ್ಕು ತಿಂಗಳು ತಾನು ಖಾಲಿಯೆಂದುಕೊಂಡ ಜಾಗ ಒಂದು ದಿನವೂ ಖಾಲಿ ಇರಲಿಲ್ಲ. ಆರೋಗ್ಯಮ್ಮ ಪಟದ ಕಡೆ ನೋಡಿದಳು. ಮಾತೆ ಎಂದಿನಂತೆ ಮಗುವನ್ನೆತ್ತಿಕೊಂಡು ನಿಂತಿದ್ದಳು.

ಮುಂದಿನದು ಪರಲೋಕ ಪ್ರಾರ್ಥನೆ. ನಂಜಮ್ಮ ಅದರ ಮೊದಲರ್ಧವನ್ನೂ ಹೇಳಿ ನಿಲ್ಲಿಸಿದಳು. ಆರೋಗ್ಯಮ್ಮ ಗೋಡೆಯ ಕಡೆ ಮುಖ ಮಾಡಿ, ನಾಲ್ಕು ವರ್ಷದಿಂದ ಗೊಣಗುತ್ತಿದ್ದ ಆ ಮಾತನ್ನು, ಆಚೆ ಮನೆಗೆ ಕೇಳುವ ಹಾಗೆ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು.

ಜಪ ಮುಗಿದ ಮೇಲೆ ಸ್ಟೂಲು ಹತ್ತಿ ಉಸ್ಲಿಯ ಪಾತ್ರೆಯನ್ನು ಗೋಡೆಯ ಮೇಲಿಟ್ಟಳು. ಆಚೆಯಿಂದ ಎರಡು ಕೈ ಬಂದು ಹಿಡಿದುಕೊಂಡವು.

“ಇಷ್ಟೊಂದಾ? ಯಾರ್ಗೆ ಮಾಡಿದ್ದೆ?”

“ಜಪಕ್ಕೆ ಬರೋರಿಗೆ” ಎಂದಳು ಆರೋಗ್ಯಮ್ಮ. “ತಿನ್ನು.”