ಶಾಸಕರಿಗೆ ಮುಂಗಡ ಧನ್ಯವಾದ

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಏನಿಲ್ಲ ಅಂತ ಕೇಳಬೇಕು. ಕಾರಂಜಿ ಇದೆ, ರಾಜ್ಯೋತ್ಸವದ ದಿನ ಚಿಮ್ಮುತ್ತದೆ. ಓಪನ್ ಜಿಮ್ ಇದೆ, ಅದರ ಮೇಲೆ ಅಂಕಲ್‌ಗಳು ಬೆಳಗಿನ ಸ್ವೆಟರ್ ಬಿಚ್ಚಿ ನೇತುಹಾಕುತ್ತಾರೆ. ನಗೆಕೂಟದವರಿಗೆ ಅಂತಲೇ ಒಂದು ಮಂಟಪ ಕಟ್ಟಿಸಿದ್ದಾರೆ. ಶೌಚಾಲಯ ಮಾತ್ರ ಇಲ್ಲ. ಗಂಡಸರಿಗೆ ಅದು ಗೊತ್ತೇ ಆಗಿರಲಿಲ್ಲ, ಈ ಊರಿನ ಕಾಂಪೌಂಡುಗಳೆಲ್ಲ ಅವರವೇ. ದೇವರ ಪಟದ ಟೈಲ್ಸ್ ಅಂಟಿಸಿದ ಕಡೆ ಮಾತ್ರ ಸ್ವಲ್ಪ ಸಂಕೋಚಪಟ್ಟು ಎರಡು ಹೆಜ್ಜೆ ಮುಂದೆ ಹೋಗುತ್ತಾರೆ.

ನನಗೂ ಅಮ್ಮನಿಂದಲೇ ಗೊತ್ತಾದದ್ದು. ಅವಳಿಗೆ ಎಂಬತ್ತು ದಾಟಿದೆ, ಸಕ್ಕರೆ ಕಾಯಿಲೆ, ದಿನಾ ನಡೆಯಲೇಬೇಕು ಅಂತ ಡಾಕ್ಟರ್ ಹೇಳಿದ್ದಾರೆ. ನಡೆಯುವುದಕ್ಕಿಂತ ಹೆಚ್ಚಾಗಿ ಅವಳನ್ನು ಸೆಳೆಯುವುದು ಹೊಂಗೆ ಮರದ ಕೆಳಗಿನ ಬೆಂಚಿನಲ್ಲಿ ಕಾಯುವ ಗೆಳತಿಯರ ಗುಂಪು. ತ್ಯಾಗರಾಜನಗರದಲ್ಲಿ ಸಂಸಾರ ಮಾಡಿ ಈಗ ಮಗಳ ಮನೆಗೆ ಬಂದು ಸೇರಿದವರು, ಸೊಸೆಯ ಅಡುಗೆಯ ಬಗ್ಗೆ ಏನೂ ಹೇಳುವುದಿಲ್ಲ ಅನ್ನುತ್ತಲೇ ಎಲ್ಲವನ್ನೂ ಹೇಳುವವರು. ಒಂದು ದಿನ ಎರಡನೇ ಸುತ್ತಿನಲ್ಲಿ ಅಮ್ಮನಿಗೆ ಒಂದಕ್ಕೆ ಅವಸರವಾಯಿತು. ಮನೆ ಎರಡು ರಸ್ತೆಯಾಚೆ. ದಾರಿಯಲ್ಲೇ ಸೀರೆ ಒದ್ದೆಯಾಯಿತು. ತಲೆ ಬಗ್ಗಿಸಿಕೊಂಡು ಬಂದವಳು ಸ್ನಾನ ಮಾಡಿ, ಬಾಲ್ಕನಿಯ ಕುರ್ಚಿಯಲ್ಲಿ ಕೂತು, ಇನ್ನು ಪಾರ್ಕಿಗೆ ಬರುವುದಿಲ್ಲ ಅಂದಳು. ನಿಜವಾಗಿಯೂ ಹೋಗಲಿಲ್ಲ. ಗೆಳತಿಯರು ಗೇಟಿನ ಹತ್ತಿರ ಬಂದು ಕರೆದರೆ ಮಂಡಿನೋವು ಅಂತ ಸುಳ್ಳು ಹೇಳುತ್ತಿದ್ದಳು.

ಹೀಗಾಗಿ ನಾನು, ಬೆಂಚಿನ ಗುಂಪಿನ ನಾಲ್ಕೈದು ಹೆಂಗಸರು, ಬಡಾವಣೆ ಸಂಘದ ಅಧ್ಯಕ್ಷರು ಸೇರಿ ಶಾಸಕರ ಮನೆಗೆ ಹೋದೆವು. ಶಾಸಕರು ಕಾಫಿ ಕೊಡಿಸಿದರು, ಮಾತನ್ನೂ ಪೂರ್ತಿ ಕೇಳಿದರು.

"ಇದು ಆಗ್ಲೇಬೇಕಾದ ಕೆಲ್ಸ ಅಮ್ಮಾ. ಈ ಅಧಿವೇಶನದಲ್ಲೇ ಪ್ರಶ್ನೆ ಹಾಕ್ತೀನಿ. ಯಾವ್ಯಾವ ಪಾರ್ಕಲ್ಲಿ ಶೌಚಾಲಯ ಇಲ್ಲ ಅಂತ ಸರ್ಕಾರ ಪಟ್ಟಿ ಕೊಡ್ಲಿ. ಪಟ್ಟೀಲಿ ನಿಮ್ ಪಾರ್ಕ್ ಬಂತು ಅಂದ್ರೆ ಅನುದಾನ ಬಂದ ಹಾಗೇ."

ಇಷ್ಟಕ್ಕೆ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಆದರೆ ನಮ್ಮ ಅಧ್ಯಕ್ಷರು ಸರ್ಕಾರಿ ಕಚೇರಿಯಿಂದ ನಿವೃತ್ತರಾದವರು, ಸುಮ್ಮನಿರುವುದು ಅವರಿಗೆ ಕಚೇರಿಯಲ್ಲಿ ಮಾತ್ರ ಅಭ್ಯಾಸ. ವಾಪಸ್ ಬರುವಾಗ ಆಟೋದಲ್ಲೇ ಅವರಿಗೆ ಉಪಾಯ ಹೊಳೆಯಿತು.

"ಇವರು ಕೊಟ್ಟ ಮಾತು ಮರೀಬಹುದು, ಫ್ಲೆಕ್ಸ್ ಮರೆಯೋಲ್ಲ ಮೇಡಂ. ಮೊದ್ಲೇ ಥ್ಯಾಂಕ್ಸ್ ಹೇಳ್ಬಿಡೋಣ. ಆಮೇಲೆ ಮಾಡ್ದೇ ಇರೋಕೆ ಅವ್ರಿಗೇ ನಾಚಿಕೆ ಆಗುತ್ತೆ."

ಹೊಗಳಿ ಅಟ್ಟಕ್ಕೇರಿಸಿ ಕೆಲಸ ತೆಗೆಯುವುದು ನಮ್ಮಲ್ಲಿ ಹೊಸದೇನಲ್ಲ. ಇಟ್ಟಮಡುವಿನ ಅಂಗಡಿಯಲ್ಲಿ ಫ್ಲೆಕ್ಸ್ ಮಾಡಿಸಿ ಪಾರ್ಕಿನ ಗೇಟಿಗೆ ಕಟ್ಟಿದ್ದೂ ಆಯಿತು. 'ನಮ್ಮ ಉದ್ಯಾನವನಕ್ಕೆ ಸುಸಜ್ಜಿತ ಮಹಿಳಾ ಶೌಚಾಲಯ ಒದಗಿಸಿಕೊಟ್ಟ ಜನಪ್ರಿಯ ಶಾಸಕರಿಗೆ ಹೃತ್ಪೂರ್ವಕ ಅಭಿನಂದನೆಗಳು.' ಮಧ್ಯದಲ್ಲಿ ಕೈ ಮುಗಿದ ಆಳೆತ್ತರದ ಶಾಸಕರು, ಕೆಳಗೆ ಸಾಲಾಗಿ ಸಂಘದ ಪದಾಧಿಕಾರಿಗಳ ದುಂಡು ಫೋಟೋಗಳು. ಶೌಚಾಲಯ ಬೇಕೆಂದ ಹೆಂಗಸರ ಫೋಟೋ ಒಂದೂ ಇರಲಿಲ್ಲ. ಫ್ಲೆಕ್ಸ್ ಕಟ್ಟುವುದು ಈ ಊರಲ್ಲಿ ಕಾನೂನಿಗೆ ವಿರುದ್ಧ ಅಂತ ನಾನು ನೆನಪಿಸಿದೆ. ಒಳ್ಳೆಯ ಕೆಲಸಕ್ಕೆ ಕಟ್ಟಿದ್ದು ಲೆಕ್ಕಕ್ಕಿಲ್ಲ ಅಂದರು ಅಧ್ಯಕ್ಷರು.

ಸುದ್ದಿ ಕೇಳಿ ಅಮ್ಮ ಬಾಲ್ಕನಿಯಿಂದಲೇ ಹೇಳಿದಳು: "ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲಿಸಿದ್ರಂತೆ."

ಶಾಸಕರು ಮಾತು ಮರೆಯಲಿಲ್ಲ, ಅದೇ ಆಶ್ಚರ್ಯ. ಪ್ರಶ್ನೆ ಕೇಳಿದರು. ಸರ್ಕಾರ ಲಿಖಿತ ಉತ್ತರವನ್ನೂ ಕೊಟ್ಟಿತು. ನಮ್ಮನ್ನು ಕರೆಸಿ ತೋರಿಸಿದರು. ಶೌಚಾಲಯ ಇಲ್ಲದ ಪಾರ್ಕುಗಳ ಪಟ್ಟಿಯಲ್ಲಿ ನಮ್ಮದು ಇರಲಿಲ್ಲ. ಶೌಚಾಲಯ ಒದಗಿಸಲಾಗಿರುವ ಪಾರ್ಕುಗಳ ಪಟ್ಟಿಯಲ್ಲಿತ್ತು, ಪುರಾವೆಗೆ ಫೋಟೋ ಸಮೇತ. ಫೋಟೋದಲ್ಲಿದ್ದದ್ದು ನಮ್ಮ ಫ್ಲೆಕ್ಸ್. ಪರಿಶೀಲನೆಗೆ ಬಂದ ಇಲಾಖೆಯವರು ಗೇಟಿನಲ್ಲೇ ಅದನ್ನು ಕಂಡು, ಫೋಟೋ ಹೊಡೆದು, ಅಲ್ಲಿಂದಲೇ ಹೋಗಿದ್ದರು. ಜನರೇ ಧನ್ಯವಾದ ಹೇಳಿರುವಾಗ ಒಳಗೆ ಹೋಗಿ ಕಟ್ಟಡ ಹುಡುಕುವುದು ಯಾವ ಮರ್ಯಾದೆ?

"ಸದನದ ಮುಂದೆ ಇಟ್ಟಾಗಿದೆ ಅಮ್ಮಾ," ಅಂದರು ಶಾಸಕರು. "ಈಗ ಇಲ್ಲ ಅಂದ್ರೆ ನೀವೇ ಸುಳ್ಳು ಹೇಳ್ದಂಗಾಗುತ್ತೆ. ನಿಮ್ ಸಂಘದವ್ರ ಫೋಟೋಗಳೂ ಇವೆ ನೋಡಿ ಕೆಳಗೆ."

ಅಧ್ಯಕ್ಷರು ಮಾತ್ರ ಎದೆಗುಂದಲಿಲ್ಲ. "ಇರೋದನ್ನ ಮತ್ತೆ ಕಟ್ಟಿ ಅಂದ್ರೆ ಕಟ್ಟೋಲ್ಲ. ಆದ್ರೆ ಇರೋದು ಕೆಡಬಹುದಲ್ಲ? ದುರಸ್ತಿಗೆ ಅರ್ಜಿ ಹಾಕೋಣ." ಇಲ್ಲದ ಶೌಚಾಲಯದ ಬಾಗಿಲು ಮುರಿದಿದೆ, ನಲ್ಲಿ ಸೋರುತ್ತಿದೆ ಅಂತ ಅವರು ಅಂದೇ ಬರೆಯಲು ಕೂತರು.

ಇದನ್ನೆಲ್ಲ ಮನೆಗೆ ಬಂದು ಹೇಳಿದರೆ ಅಮ್ಮ ಬಿದ್ದುಬಿದ್ದು ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. "ಹಾಗಾದ್ರೆ ನಾನು ಆಚೆ ಹೋಗೋದು ಮುಗೀತು ಅನ್ನು," ಅಂದಳು. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಕುಕ್ಕಿದೆ.

ಬೆಳಗ್ಗೆ ಕಾಫಿ ಕುಡಿಯುತ್ತಾ ಅವಳೇ ಕೇಳಿದಳು: "ಆ ಫ್ಲೆಕ್ಸ್ ಎಷ್ಟುದ್ದ ಇದೆ?"

ಪಾರ್ಕಿನ ಪಂಪ್ ಮನೆಯ ಹಿಂದೆ ಮಾಲಿಗಳು ಕೈಕಾಲು ತೊಳೆಯುವ ಜಾಗವಿದೆ. ಒಂದು ಚಪ್ಪಡಿ, ಒಂದು ನಲ್ಲಿ, ನೀರು ಹೋಗಲು ಮೋರಿ. ಎರಡು ಕಡೆ ಗೋಡೆ ಇದ್ದೇ ಇದೆ. ಬೇಕಾದದ್ದು ಉಳಿದ ಎರಡು ಕಡೆಗೆ ಮರೆ. ನಾವು ಹೆಂಗಸರು ಫ್ಲೆಕ್ಸ್ ಬಿಚ್ಚಿ ತಂದು ಮರಕ್ಕೂ ಕಂಬಕ್ಕೂ ಬಿಗಿದು ಕಟ್ಟಿದೆವು. ಫೋಟೋ ಒಳಗಿರಬೇಕೋ ಹೊರಗಿರಬೇಕೋ ಅಂತ ಚರ್ಚೆಯಾಯಿತು. ಅಧ್ಯಕ್ಷರಿಗೆ ಬೇಜಾರಾಗದ ಹಾಗೆ ಒಳಗೇ ಇರಲಿ ಅಂದರು ಒಬ್ಬರು.

"ಒಳಗೆ ಬೇಡ ಕಣ್ರೇ," ಅಂದಳು ಅಮ್ಮ. "ಪರಗಂಡಸರು ಕೈ ಮುಗ್ಕೊಂಡು ನಿಂತಿದ್ರೆ ಹೆಂಗೆ ಕೂತ್ಕೊಳ್ಳೋದು? ಮುಖ ಆಚೆಗಿರ್ಲಿ."

ಅಂದಿನಿಂದ ಜನಪ್ರಿಯ ಶಾಸಕರು ಹೊರಗೆ ಕೈ ಮುಗಿದು ಕಾವಲು ನಿಂತಿದ್ದಾರೆ, ಪದಾಧಿಕಾರಿಗಳೂ ಅವರ ಕಾಲಬುಡದಲ್ಲಿ ಇದ್ದಾರೆ. ಫ್ಲೆಕ್ಸ್ ಮೇಲೆ ಬರೆದದ್ದರಲ್ಲಿ 'ಸುಸಜ್ಜಿತ' ಅನ್ನುವುದೊಂದನ್ನು ಬಿಟ್ಟರೆ ಈಗ ಸುಳ್ಳೇನೂ ಇಲ್ಲ. ಪ್ರವೇಶಕ್ಕೆ ಒಂದಿಷ್ಟು ಜಾಗ ತೆರೆದೇ ಉಳಿದಿದೆ, ಅಲ್ಲಿ ಸರದಿಯ ಮೇಲೆ ನಮ್ಮಲ್ಲೊಬ್ಬರು ಬೆನ್ನು ಮಾಡಿ ನಿಲ್ಲುತ್ತೇವೆ. ಅಮ್ಮ ಈಗ ನಾಲ್ಕು ಸುತ್ತು ಹಾಕುತ್ತಾಳೆ. ಅವಳು ಬೆಂಚಿನಲ್ಲಿ ಕೂತು ಯಾರದೋ ಸೊಸೆಯನ್ನು ಆಡಿಕೊಳ್ಳುವುದು ದೂರದಿಂದ ಕೇಳಿಸಿದರೆ ನನಗೆ ಹೇಳಲಾರದಷ್ಟು ಸಂತೋಷವಾಗುತ್ತದೆ.

ಮೊನ್ನೆ ಅಧ್ಯಕ್ಷರು ಹುರುಪಿನಿಂದ ಬೆಂಚಿನ ಹತ್ತಿರ ಬಂದರು. ದುರಸ್ತಿಯ ಅರ್ಜಿಯನ್ನು ಶಾಸಕರು ತೆಗೆದುಕೊಂಡಿದ್ದಾರಂತೆ, ಶಿಫಾರಸು ಮಾಡುತ್ತಾರಂತೆ. ಅದಕ್ಕೆ ಮುಂಚಿತವಾಗಿ ಒಂದು ಹೊಸ ಧನ್ಯವಾದದ ಫ್ಲೆಕ್ಸ್ ಮಾಡಿಸಲು ಹೊರಟಿದ್ದರು.

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಹೇಳಿದಳು: "ಖಂಡಿತ ಮಾಡ್ಸಿ. ಈ ಸಲ ಎರಡು ಮೊಳ ಜಾಸ್ತಿ ಇರ್ಲಿ, ಬಾಗಿಲಿಗೆ ಸಾಲ್ತಿಲ್ಲ."