ಊದಿದ ಕಣ್ಣಿನ ವರ್ಷಗಳು

ಬೀರುವಿನ ಕೆಳಗಿನ ಅರೆ ಒರೆಸುವಾಗ ಹಳೆಯ ಕಾರ್ಖಾನೆಯ ಗುರುತಿನ ಚೀಟಿ ಸಿಕ್ಕಿತು. ಮೇಲಿನ ಪ್ಲಾಸ್ಟಿಕ್ಕು ಹಳದಿಗಟ್ಟಿದೆ, ಹೆಸರು ಅರ್ಧ ಅಳಿಸಿದೆ, ಫೋಟೋ ಮಾತ್ರ ನಿಚ್ಚಳವಾಗಿದೆ. ಅದರಲ್ಲಿರುವವನ ಕಣ್ಣುಗಳನ್ನು ನೀವು ನೋಡಬೇಕು. ರೆಪ್ಪೆಗಳು ಆಗ ತಾನೇ ಬೆಂದ ಇಡ್ಲಿಯಂತೆ ಉಬ್ಬಿವೆ. ಇವನು ಮಹಾ ಕುಡುಕ ಎಂದು ಯಾರಾದರೂ ಹೇಳಿದರೆ ನಾನೂ ಹೂಂ ಅನ್ನುತ್ತಿದ್ದೆ. ಆದರೆ ಅವನು ನಾನೇ, ಮತ್ತು ನಾನು ಆ ಪದಾರ್ಥವನ್ನು ಮೂಸಿಯೂ ನೋಡಿದವನಲ್ಲ.

ಬಿಡದಿಯ ಸುತ್ತ ಕಾರ್ಖಾನೆಗಳು ಒಂದರ ಪಕ್ಕ ಒಂದು ಏಳುತ್ತಿದ್ದ ಕಾಲವದು. ನಮ್ಮ ಕೈಲಾಂಚದ ಹುಡುಗರಲ್ಲಿ ಅನೇಕರು ಹಿಪ್ಪುನೇರಳೆ ಸೊಪ್ಪು ಕೊಯ್ಯುವುದನ್ನು ಅಪ್ಪಂದಿರಿಗೆ ಬಿಟ್ಟು ಶಿಫ್ಟಿನ ಬಸ್ಸು ಹತ್ತಿದ್ದೆವು. ನನಗೆ ಮದುವೆಯಾಗಿ ಬಹಳ ಕಾಲವಾಗಿರಲಿಲ್ಲ. ಒಂದು ಬೇಸಿಗೆಯಲ್ಲಿ ಎರಡು ತುತ್ತು ತಿಂದರೆ ಹೊಟ್ಟೆ ತುಂಬಿದಂತಾಗತೊಡಗಿತು. ಎಡ ಪಕ್ಕೆಯ ಕೆಳಗೆ ಕಲ್ಲಿಟ್ಟಂಥ ಭಾರ. ರಾಮನಗರದಲ್ಲಿ ರಕ್ತ ಪರೀಕ್ಷೆ ಮಾಡಿಸಿದರೆ, ಅಲ್ಲಿನ ಡಾಕ್ಟರು ನನ್ನ ಮುಖ ನೋಡದೆಯೇ, ಇವತ್ತೇ ಬೆಂಗಳೂರಿಗೆ ಹೋಗಿ ಅಂದರು.

ಬೆಂಗಳೂರಿನ ಡಾಕ್ಟರಮ್ಮ ಮಾತ್ರ ಮುಖ ನೋಡಿಯೇ ಹೇಳಿದರು. "ಇದು ರಕ್ತದ ಕ್ಯಾನ್ಸರ್. ಆದ್ರೆ ನಿಧಾನವಾಗಿ ಬೆಳೆಯೋ ಜಾತಿ. ಇದಕ್ಕೀಗ ಮಾತ್ರೆ ಬಂದಿದೆ, ದಿನಾ ತಗೋಬೇಕು. ಒಂದಿಷ್ಟು ತೊಂದರೆ ಕೊಡುತ್ತೆ. ಏನೇ ಆದ್ರೂ ನನ್ನನ್ನ ಕೇಳದೆ ನಿಲ್ಲಿಸಬೇಡಿ."

ಆ ಕಾಯಿಲೆಯ ಬಗ್ಗೆ ನನಗಿದ್ದ ವಿದ್ಯೆಯೆಲ್ಲ ಸಿನಿಮಾದ್ದು. ಅಲ್ಲಿ ಅದು ಬಂದವನು ಕರ್ಚೀಫಿಗೆ ಕೆಮ್ಮಿ, ಪ್ರೀತಿಸಿದವಳನ್ನು ಗೆಳೆಯನಿಗೆ ಒಪ್ಪಿಸಿ, ಒಂದು ಹಾಡು ಹೇಳಿ ಹೋಗಿಬಿಡುತ್ತಾನೆ. ವಾಪಸು ಬರುವ ಬಸ್ಸಿನಲ್ಲಿ ನಾನು ಹಾಡಿದ್ದರೆ ಕಂಡಕ್ಟರು ದಾರಿಯಲ್ಲೇ ಇಳಿಸುತ್ತಿದ್ದ. ಪಕ್ಕದಲ್ಲಿ ಕೂತಿದ್ದ ಹೆಂಡತಿ ಭಾಗ್ಯಳಿಗೆ, "ಯಾರ್ಗೂ ಹೇಳದ್ ಬ್ಯಾಡ" ಅಂದೆ.

"ಬ್ಯಾಡ ಅಂದ್ರೆ ಬ್ಯಾಡ," ಅಂದಳು. "ಆದ್ರೆ ಮಾತ್ರೆ ನುಂಗೋವಾಗ ನಾನು ಎದ್ರುಗಿರ್ಬೇಕು."

ಮಾತ್ರೆ ತನ್ನ ಕೆಲಸ ಶುರುಮಾಡಿತು, ಜೊತೆಗೆ ತನ್ನ ತರಲೆಗಳನ್ನೂ. ಬೆಳಿಗ್ಗೆ ಎರಡು ಬಿಸ್ಕತ್ತು ತಿಂದು ನುಂಗಿದರೆ, ಬಸ್ಸಿನ ಹತ್ತಿರ ಹೋಗುವ ಮೊದಲೇ ವಾಂತಿ. ಹುಟ್ಟಿದಾಗಿನಿಂದ ಮೂಗಿಗೆ ಒಗ್ಗಿದ್ದ ರೇಷ್ಮೆಹುಳುವಿನ ಮನೆಯ ವಾಸನೆಗೂ ಹೊಟ್ಟೆ ತೊಳಸುತ್ತಿತ್ತು. ಡಾಕ್ಟರಮ್ಮನಿಗೆ ಹೇಳಿದಾಗ ಅವರು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. "ಬಿಸ್ಕತ್ತಲ್ಲ ಕಣ್ರೀ. ಹೊಟ್ಟೆ ತುಂಬ ಊಟ ಮಾಡಿ, ಊಟದ ಮಧ್ಯೆ ತಗೊಳ್ಳಿ. ದೊಡ್ಡ ಲೋಟದಲ್ಲಿ ನೀರು ಕುಡೀರಿ." ಅಷ್ಟರಲ್ಲಿ ಪಕ್ಕೆಯ ಭಾರ ಇಳಿದು ಹಸಿವು ಮರಳಿತ್ತು. ಅಂದಿನಿಂದ ಮುದ್ದೆಯ ಮೊದಲರ್ಧ ಮುಗಿದೊಡನೆ ಭಾಗ್ಯ ಮಾತ್ರೆ ಮುಂದಿಡುವಳು, ಉಳಿದರ್ಧ ಮುಗಿಯುವತನಕ ಏಳಲು ಬಿಡುತ್ತಿರಲಿಲ್ಲ. ವಾಂತಿ ನಿಂತಿತು.

ಸೆಳೆತ ನಿಲ್ಲಲಿಲ್ಲ. ಕೆಲಸದ ನಡುವೆ ಸ್ಪ್ಯಾನರ್ ಹಿಡಿದ ಬೆರಳುಗಳು ಹಾಗೇ ಸೆಟೆದುಕೊಳ್ಳುತ್ತಿದ್ದವು. ಇನ್ನೊಂದು ಕೈಯಿಂದ ಒಂದೊಂದೇ ಬೆರಳು ಬಿಡಿಸಿಕೊಂಡು, ಯಾರಾದರೂ ನೋಡಿದರೆ ನೆಟಿಗೆ ಮುರಿಯುವವನಂತೆ ನಟಿಸುತ್ತಿದ್ದೆ. ಇನ್ನೊಂದು ವಿಚಿತ್ರ ಕೇಳಿ. ಎಣ್ಣೆಗಪ್ಪು ಬಣ್ಣದ ನಾನು ಬರಬರುತ್ತಾ ಬೆಳ್ಳಗಾದೆ. ಅದೂ ಆ ಮಾತ್ರೆಯದೇ ಗುಣವಂತೆ. ಪಕ್ಕದ ಮನೆಯ ಅಕ್ಕ ಒಂದು ದಿನ ಭಾಗ್ಯಳನ್ನು ಕೊಟ್ಟಿಗೆಯ ಹತ್ತಿರ ನಿಲ್ಲಿಸಿಕೊಂಡು, "ನಿನ್ ಗಂಡಂಗೆ ಯಾವ ಸೋಪು ತಂದ್ಕೊಡ್ತೀಯೆ? ನಮ್ ಹುಡ್ಗಿ ನೋಡಾಕೆ ಗಂಡಿನೋರು ಬತ್ತಾವ್ರೆ, ಒಸಿ ಹೇಳೆ" ಅಂದರು. ಭಾಗ್ಯ ಬಾಯಿಗೆ ಬಂದ ಸೋಪಿನ ಹೆಸರು ಹೇಳಿ ಒಳಗೆ ಬಂದು, ಗೋಡೆಗೊರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಸ್ಪತ್ರೆಗೆ ಅಲೆಯತೊಡಗಿದ ಮೇಲೆ ಅವಳು ಹಾಗೆ ನಕ್ಕದ್ದು ಅದೇ ಮೊದಲು.

ಬಣ್ಣಕ್ಕೆ ಸೋಪು ಉತ್ತರವಾಯಿತು. ಕಣ್ಣಿಗೆ ಏನು ಹೇಳುವುದು? ಬೆಳಗಾದರೆ ಎರಡೂ ಕಣ್ಣು ಊದಿಕೊಂಡಿರುತ್ತಿದ್ದವು. "ಏನ್ಲಾ, ರಾತ್ರಿ ಜೋರಾ?" ಎಂದು ಬಸ್ಸಿನಲ್ಲಿ ಗೆಳೆಯರು ಕೇಳಿದರೆ, "ಒಸಿ ಜಾಸ್ತಿ ಆಗ್ಬುಡ್ತು ಕಣ್ಲಾ" ಅನ್ನುತ್ತಿದ್ದೆ. ಕುಡುಕ ಅಂದರೆ ಬೈಯುತ್ತಾರೆ, ರೋಗಿ ಅಂದರೆ ಮರುಗುತ್ತಾರೆ. ನನಗೆ ಬೈಸಿಕೊಳ್ಳುವುದೇ ಹಗುರ ಅನ್ನಿಸಿತ್ತು.

ಆ ಸುದ್ದಿ ಮರಳವಾಡಿಗೆ, ಭಾಗ್ಯಳ ತವರಿಗೆ, ಮುಟ್ಟಿತು. ಒಂದು ಭಾನುವಾರ ಬೆಳಿಗ್ಗೆ ನಮ್ಮ ಮಾವ ಮತ್ತು ಭಾಗ್ಯಳ ಅಣ್ಣ ನಾಗರಾಜ ಬಂದು ಜಗುಲಿಯ ಮೇಲೆ ಕುಳಿತರು. ಕೊಟ್ಟ ಕಾಫಿ ಮುಟ್ಟಲಿಲ್ಲ.

"ನಮ್ ವಂಶದಾಗೆ ಕುಡಿಯೋರಿಗೆ ಹೆಣ್ ಕೊಟ್ಟಿಲ್ಲ," ಮಾವ ನೆಲ ನೋಡುತ್ತಾ ಅಂದರು. "ನೀನು ಬುಡ್ತೀನಿ ಅಂದ್ರೆ ಸರಿ. ಇಲ್ದಿದ್ರೆ ನನ್ ಮಗಳ್ನ ಕರ್ಕೊಂಡ್ ಹೋಯ್ತೀನಿ."

ಬಿಡುತ್ತೇನೆ ಅಂದುಬಿಡೋಣವೇ ಎಂದು ಯೋಚಿಸಿದೆ. ಬಿಟ್ಟ ಮೇಲೂ ಕಣ್ಣು ಊದಿದರೆ? ಬಾಗಿಲಲ್ಲಿ ನಿಂತಿದ್ದ ಭಾಗ್ಯ ನನ್ನ ಕಡೆಗೊಮ್ಮೆ ನೋಡಿ, "ಅವ್ರು ಕುಡಿಯಾಕಿಲ್ಲ ಕಣಪ್ಪ," ಅಂದಳು. "ಅವ್ರಿಗೆ ಬ್ಲಡ್ ಕ್ಯಾನ್ಸರ್ರು. ಕಣ್ಣು ಊದೋದು ಮಾತ್ರೆಗೆ."

ನಾಗರಾಜ ಎದ್ದು ನಿಂತು, ಏನು ಮಾಡಬೇಕೆಂದು ತಿಳಿಯದೆ ಮತ್ತೆ ಕುಳಿತ. ಮಾವ ನನ್ನ ಪಕ್ಕಕ್ಕೆ ಬಂದು, ಗದ್ದ ಹಿಡಿದು, ಮುಖವನ್ನು ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದರು.

"ಆ ಮಾತ್ರೆ ಕೆಲ್ಸ ಮಾಡ್ತಾ ಐತಾ?"

"ಮಾಡ್ತಾ ಐತೆ ಮಾವ. ರಕ್ತ ಸರಿಗ್ ಬಂದೈತೆ ಅಂದವ್ರೆ."

"ಹಂಗಾರೆ ಊದ್ಕಳ್ಳಿ ಬುಡಪ್ಪ ಕಣ್ಣು. ಆಳು ಇದ್ರೆ ಸಾಕು."

ಆಸ್ಪತ್ರೆಯಲ್ಲಿ ಅಳದವನು ಅಂದು ಜಗುಲಿಯ ಮೇಲೆ ಅತ್ತೆ. ಊದಿದ ಕಣ್ಣಿನಲ್ಲಿ ಅದು ಅಷ್ಟಾಗಿ ಗೊತ್ತಾಗಿರಲಾರದು ಎಂದುಕೊಂಡಿದ್ದೇನೆ. ಮಾರನೆಯ ದಿನ ಬಸ್ಸಿನಲ್ಲಿ ನಾನೇ ಗೆಳೆಯರಿಗೆ ಹೇಳಿದೆ. ಒಂದೆರಡು ದಿನ ಮರುಗಿದರು, ಆಮೇಲೆ ಮೊದಲಿನಂತೆ ಕಾಲೆಳೆದರು. ಬೆರಳು ಸೆಟೆದುಕೊಂಡರೆ ಪಕ್ಕದವನೇ ಬಂದು ಬಿಡಿಸುತ್ತಿದ್ದ. ವರ್ಷಗಳು ಹೋದಂತೆ ಊತವೂ ಸೆಳೆತವೂ ಇಳಿದವು, ಅಥವಾ ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಟ್ಟೆ.

ಹೋದ ವರ್ಷ ಡಾಕ್ಟರಮ್ಮ, ಈಗ ಅವರ ತಲೆಯೂ ಬೆಳ್ಳಗಾಗಿದೆ, ಮಾತ್ರೆ ನಿಲ್ಲಿಸಿ ನೋಡೋಣ ಅಂದರು. ನನಗೆ ಸಂತೋಷಕ್ಕಿಂತ ದಿಗಿಲೇ ಹೆಚ್ಚಾಯಿತು. ನಿಲ್ಲಿಸಿದ್ದಕ್ಕೂ ಕೆಲವು ತಿಂಗಳು ಮೈಕೈ ನೋವು ಕಾಡಿತು. ಆಗಾಗ ರಕ್ತ ಕೊಟ್ಟು ಬರುತ್ತಿದ್ದೆವು. ಮೊನ್ನೆಯ ವರದಿ ನೋಡಿ ಅವರು, "ಕಾಯಿಲೆಯ ಸುಳಿವಿಲ್ಲ. ಇನ್ಮೇಲೆ ಅಪರೂಪಕ್ಕೊಮ್ಮೆ ಬಂದ್ರೆ ಸಾಕು" ಅಂದರು.

ವಾಪಸು ಬರುವಾಗ ಬಸ್ಸು ಕೆಂಗೇರಿ ದಾಟುವಷ್ಟರಲ್ಲಿ ಭಾಗ್ಯಳ ತಲೆ ನನ್ನ ಹೆಗಲಿಗೆ ಬಿತ್ತು. ಆಸ್ಪತ್ರೆಯಿಂದ ಮರಳುವ ಆ ದಾರಿಯಲ್ಲಿ ಇಷ್ಟು ವರ್ಷ ಅವಳು ಒಮ್ಮೆಯೂ ಕಣ್ಣು ಮುಚ್ಚಿದ್ದನ್ನು ನಾನು ಕಂಡಿರಲಿಲ್ಲ. ಬ್ಯಾಗನ್ನು ಮಡಿಲಲ್ಲಿ ಅವುಚಿಕೊಂಡು ಕಿಟಕಿಯಾಚೆ ನೋಡುತ್ತಾ ಕೂರುತ್ತಿದ್ದಳು. ಈಗ ಬಾಯಿ ಒಂಚೂರು ತೆರೆದು ಮಲಗಿದ್ದಳು. ಬ್ಯಾಗು ಕಾಲ ಬಳಿಗೆ ಜಾರಿತು. ಹೆಗಲು ಜೋಮು ಹಿಡಿದರೂ ನಾನು ಅಲುಗಾಡಲಿಲ್ಲ. ರಾಮನಗರದ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದ ಮೇಲೆ ಮೆಲ್ಲಗೆ ತಟ್ಟಿದೆ.

"ಬಂದ್ಬುಟ್ವಾ?" ಅಂದಳು, ಕಣ್ಣು ಬಿಡದೆ.

"ಬಂದ್ಬುಟ್ವಿ."