ತೊಳೆದ ಎರಡು ಬಾಟಲಿ

ಆ ಬಾಟಲಿಗಳ ಚೀಟಿ ಅದಲುಬದಲಾದದ್ದು ನನ್ನ ಕೈಯಿಂದ, ವೀಣಾ. ನಿನ್ನ ಕಣ್ಣು ತಪ್ಪಿರಲಿಲ್ಲ. ತೋಳದ ಸುದ್ದಿ ಬಂದಾಗ, ನಾನು ರೊಟ್ಟಿ ಬಡಿಯುತ್ತಿದ್ದ ಆ ಬೆಳಿಗ್ಗೆಯೇ, ಇದು ನನಗೆ ಗೊತ್ತಾಗಿತ್ತು.

ಕೂಡ್ಲಿಗಿಯ ನಮ್ಮ ಮಹಡಿ ಕೋಣೆಗೆ ನೀನು ಬಾಡಿಗೆಗೆ ಬಂದದ್ದು ಪ್ರಾಣಿಗಳ ಹೊಟ್ಟೆಯ ಹುಳ ಗುರುತು ಹಿಡಿಯುವ ಓದಿಗಾಗಿ. ಸುತ್ತಲಿನ ಕುರಿಗಳು ಮಿದುಳಿಗೆ ಹುಳ ಹತ್ತಿ, ನಿಂತಲ್ಲೇ ಸುತ್ತಿ ಸುತ್ತಿ ಬಿದ್ದು ಸಾಯುತ್ತಿದ್ದವು. ಅದರ ಮೊಟ್ಟೆ ಮೇವಿಗೆ ಬೀಳುವುದು ತೋಳದ ಹೊಟ್ಟೆಯಿಂದಲೋ, ಕುರಿಗಾರರ ನಾಯಿಯಿಂದಲೋ — ನಿನಗೆ ತಿಳಿಯಬೇಕಿದ್ದದ್ದು ಅದು. ನಾಯಿಯದಾದರೆ ಗುಳಿಗೆ ನುಂಗಿಸಿದರಾಯಿತು ಅನ್ನುತ್ತಿದ್ದೆ ನೀನು.

ಲಾರಿಗೆ ಸಿಕ್ಕ ತೋಳದ್ದೊಂದು, ಕುರಿಗಾರ ಹನುಮಪ್ಪನ ಸತ್ತ ನಾಯಿಯದೊಂದು — ಸ್ಪಿರಿಟ್ಟಿನಲ್ಲಿ ಹುಳ ಹಾಕಿದ ಎರಡು ಬಾಟಲಿ ತಂದು ಅಂಗಳದಲ್ಲೇ ನನ್ನ ಕೈಗಿಟ್ಟೆ.

"ಜಳಕ ಮಾಡಿ ಬರ್ತೀನಿ ಅಕ್ಕಾ, ಒಳಗ ಇಡ್ರಿ. ನಿಮ್ಮ ಕೈಯಾಗ ಇದ್ರ ನಂಗ ಚಿಂತಿ ಇಲ್ಲ."

ಅಂದು ಶ್ರಾವಣ ಸೋಮವಾರ. ಹೊರಗಿನಿಂದ ಬಂದದ್ದನ್ನು, ಸೊಪ್ಪಿರಲಿ ಸೀಸೆಯಿರಲಿ, ತೊಳೆಯದೆ ಹೊಸ್ತಿಲು ದಾಟಿಸುವವಳಲ್ಲ ನಾನು. ಅರಿಸಿನದ ನೀರಿನಲ್ಲಿ ಎರಡನ್ನೂ ಮುಳುಗಿಸಿದೆ. ಚೀಟಿಗಳು ಬಿಟ್ಟುಕೊಂಡು ತೇಲಿದವು. ಒಳಗೆ ನೋಡಿದರೆ ಎರಡರಲ್ಲೂ ನನ್ನ ಕಣ್ಣಿಗೆ ಒಂದೇ ತರದ, ಬಿಳಿ ಲಾಡಿಯಂಥ ಹುಳ. ನಿನ್ನನ್ನು ಕೂಗಿ ಕೇಳಬಹುದಿತ್ತು. ಬೈಯುತ್ತೀಯೆಂದು… ಅಲ್ಲ, ನೀನು ಬೈಯುವವಳಲ್ಲ. ನನ್ನ ಮಡಿ ಕಂಡು ನಕ್ಕೀಯೆಂದು. ಹಿಟ್ಟಿನ ಅಂಟು ಕಲಸಿ, ಅಂದಾಜಿನ ಮೇಲೆ ಚೀಟಿ ಹಚ್ಚಿದೆ.

ನೀನು ಗಮನಿಸಲಿಲ್ಲ. ನಲ್ಲಿಯಲ್ಲಿ ನೀರು ಬಂದದ್ದು, ಹಾಲು ಒಡೆಯದೆ ಉಳಿದದ್ದು — ಶಿವನ ಇಂಥ ಸಣ್ಣ ಸಣ್ಣ ಕರುಣೆಗಳನ್ನು ದಿನವೂ ಎಣಿಸುವ ನಾನು ಅದನ್ನೂ ಎಣಿಸಿಕೊಂಡೆ.

ಯಾವುದು ಯಾವ ಜಾತಿಯೆಂದು ತಿಳಿಯಲು ನೀನು ಹುಳದ ತಲೆಯ ಕೊಕ್ಕೆಗಳನ್ನು ಸೂಕ್ಷ್ಮದರ್ಶಕದಲ್ಲಿ ಅಳೆದೆ. ಕುರಿ ಕೊಲ್ಲುವ ಹುಳ ತೋಳದ ಚೀಟಿಯಿದ್ದ ಬಾಟಲಿಯಲ್ಲಿ ಸಿಕ್ಕಿತು; ಅದು ತೋಳದ್ದೆಂದು ಕುರಿಗಾರರ ಹಟ್ಟಿಯವರಿಗೆ ಹೇಳಿ ಬಂದೆ. ಕೆಲವು ದಿನ ಕಳೆದು, ಆ ಬೆಳಿಗ್ಗೆ ಹನುಮಪ್ಪ ಹಿತ್ತಲ ಬಾಗಿಲಿಗೆ ಬಂದ.

"ನಮ್ಮ ನಾಯಿ ಮ್ಯಾಲ ಗೂಬಿ ಕುಂಡ್ರಸಾಕ ಬಂದಿದ್ಲು ಡಾಕ್ಟರಮ್ಮ. ಕಡೀಗಿ ತ್ವಾಳನ ಕಳ್ಳ ಅಂತ ಆಕಿ ಬಾಯಿಂದನ ಬಂತು ನೋಡ್ರಿ ಅಮ್ಮಾರ! ಗುಡ್ಡದಾಗಿನ ತ್ವಾಳನ ಗವಿಗೆ ಹೊಗಿ ಹಾಕಿ ಬಂದ್ವಿ. ಮರಿ ಸೈತ ಉಳದಿಲ್ಲ."

ನೀನು ಮೆಟ್ಟಿಲ ಮೇಲಿದ್ದೆ. ಅವನು ಹೋದ ಮೇಲೆ ಕೆಳಗಿಳಿದು ಬಂದೆ.

"ಮೊನ್ನೆ ಸತ್ತ ಇನ್ನೊಂದು ನಾಯಾಗೂ ಅದ ಕುರಿ ಕೊಲ್ಲೋ ಹುಳ ಸಿಕ್ಕೈತಿ ಅಕ್ಕಾ. ನನ್ನ ಕಣ್ಣ ನನಗ ಮೋಸ ಮಾಡಿದ್ವೇನ್ರಿ?"

ನೀನು ಆ ವಿದ್ಯೆಯನ್ನೇ ಬಿಟ್ಟು ಹೋದೆ. ಹಟ್ಟಿಯವರು ಇಂದಿಗೂ ಸತ್ತ ಕುರಿಯ ತಲೆಯನ್ನು, ಮಿದುಳಿನ ಹುಳದ ಸಮೇತ, ನಾಯಿಗೇ ಎಸೆಯುತ್ತಾರೆ. ಕುರಿಗಳು ಇಂದಿಗೂ ಸುತ್ತುತ್ತವೆ. ನಾಳೆ ಹೋಗಿ ಎಲ್ಲರೆದುರು ಹೇಳುತ್ತೇನೆ. ಗವಿಯಲ್ಲಿ ಸತ್ತ ತೋಳದ ಮರಿಗಳಿಗೆ — ಯಾರ ಮುಂದೆ ಹೇಳಲಿ?

ಆ ದಿನ ಹೇಳಬೇಕಿತ್ತು. ಒಲೆಯ ಪಕ್ಕ, ನನ್ನ ಮುಖವನ್ನೇ ನೋಡುತ್ತ ನಿಂತಿದ್ದೆ ನೀನು. ಹಂಚಿನಿಂದ ಹೊಗೆ ಎದ್ದಿತು.

"ರೊಟ್ಟಿ ಸೀದ್ಹೋತು ನೋಡವಾ," ಎಂದೆ. ಅದನ್ನು ತೆಗೆದು ಬದಿಗಿಟ್ಟು, ಕೈಗೆ ನೀರು ಹಚ್ಚಿಕೊಂಡು, ಮುಂದಿನ ರೊಟ್ಟಿಗೆ ಹಿಟ್ಟು ನಾದತೊಡಗಿದೆ.